ಮುಸುಕಪ್ಪನ ಎಡಗಡೆ

“ಅಕ್ಕಾ, ಮುಸುಕಪ್ಪ ಮಣ್ಣು ನುಂಗ್ಯಾನ!”

ತಸ್ಲೀಮಾಳ ಕೂಗಿಗೆ ಬೆಚ್ಚಿ ಜಗದೇವಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಇನ್ನೊಂದು ಕೈಯಲ್ಲಿ ಗಾಜಿನ ತಟ್ಟೆಯಿತ್ತು. ತಟ್ಟೆಯಲ್ಲಿ ಏಳನೇ ನಂಬರಿನ ಮಣ್ಣು.

“ಅವನಿಗೆ ನುಂಗಲಾಕ ಬರಲ್ಲ ತಸ್ಲೀಮಾ. ಉಗುಳಲಾಕ ಅಷ್ಟೇ ಬರ್ತದ.”

“ಅದಕ್ಕೇ ಫೋನ್ ಮಾಡ್ಲತ್ತೀನಿ. ನಾಕು ಲಕ್ಷ ಮಂದಿ ನೋಡ್ಯಾರ. ನಮ್ಮ ಸಾಹೇಬ್ರು ಊಟದ ಡಬ್ಬಿ ಹಂಗೇ ಬಿಟ್ಟು ಓಡಿ ಬಂದಾರ. ಅವಾ ನಿಮ್ಮ ಕೇಂದ್ರದಿಂದ ಬಂದಾವ, ನೀವೇ ಬಂದು ನೋಡ್ರಿ.”

ಮುಸುಕಪ್ಪ ‘ಏಳು ಕೋಟೆ’ ಎಂಬ ಗೇಮಿನ ಒಂದು ಪಾತ್ರ. ಮೂಗಿನ ತನಕ ಹಿತ್ತಾಳೆಯ ಮುಖವಾಡ, ಹೆಗಲ ಮೇಲೆ ಕಂಬಳಿ. ಆಟಗಾರರು ಯಾವ ಕೋಟೆಯ ಬಾಗಿಲಿಗೆ ಹೋದರೂ ಅವನು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾನೆ. ನೆಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಡುತ್ತಾನೆ. ಕತ್ತನ್ನು ತುಸು ಎಡಕ್ಕೆ ಹೊರಳಿಸಿ ಏನನ್ನೋ ಕಾಯುತ್ತಾನೆ. ಆಮೇಲೆ ಉಗುಳಿ, ಎದ್ದು ಹೋಗಿಬಿಡುತ್ತಾನೆ. ಮಾತಿಲ್ಲ, ಕತ್ತಿಯಿಲ್ಲ. ಎರಡು ವರ್ಷದಲ್ಲಿ ಆಟದ ರಾಜರು, ರಾಕ್ಷಸರನ್ನೆಲ್ಲ ಬಿಟ್ಟು ಜನ ಇವನ ಹಿಂದೆ ಬಿದ್ದಿದ್ದರು. ಇವನು ಯಾರು? ರಾಜ್ಯ ಕಳೆದುಕೊಂಡ ಅರಸ, ತನ್ನ ನೆಲದ ರುಚಿ ಹುಡುಕುತ್ತಿದ್ದಾನೆ ಎಂದರು ಕೆಲವರು. ಮೊದಲ ಕೋಟೆಯನ್ನು ಕಟ್ಟಿದ ಒಡ್ಡ, ಅವನ ಮಗನನ್ನು ಅಡಿಪಾಯಕ್ಕೆ ಬಲಿ ಕೊಟ್ಟಿದ್ದಾರೆ, ಅದಕ್ಕೇ ಮಣ್ಣು ನೆಕ್ಕುತ್ತಾನೆ ಎಂದರು ಇನ್ನು ಕೆಲವರು. ಬಲಗಿವಿ ಕಿವುಡು ಎಂದವರೂ ಇದ್ದರು. ಬಸುರಿ ಹೆಂಗಸು ಗಂಡು ವೇಷ ಹಾಕಿದ್ದಾಳೆ, ಇಲ್ಲದಿದ್ದರೆ ಮಣ್ಣು ಯಾರು ತಿನ್ನುತ್ತಾರೆ ಎಂದು ಒಬ್ಬ ಬರೆದದ್ದಕ್ಕೆ ಮೂರು ದಿನ ಜಗಳ ನಡೆದಿತ್ತು.

ಇದನ್ನೆಲ್ಲ ಓದಿ ಜಗದೇವಿ ಒಳಗೊಳಗೇ ನಗುತ್ತಿದ್ದಳು. ಇಷ್ಟು ದೊಡ್ಡ ಲೋಕದಲ್ಲಿ ಉತ್ತರ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಮುಸುಕಪ್ಪ ಅವಳ ಅಪ್ಪ.

ಅಪ್ಪ ಮಾಣಿಕಪ್ಪ ಬಿದರಿ ಕೆಲಸದ ಉಸ್ತಾದ. ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿ, ತಟ್ಟೆಗಳ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂಡಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಕಲಸಿದ ನೀರಿನಲ್ಲಿ ಬಿಸಿಬಿಸಿಯಾಗಿ ತಿಕ್ಕಿದರೆ ಲೋಹ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಆ ಗುಣವಿಲ್ಲ. ನೂರಾರು ವರ್ಷ ಬಿಸಿಲು, ಮಳೆ ಕಾಣದ ಮಣ್ಣು ಬೇಕು. ಕೆಟ್ಟ ಮಣ್ಣೂ ಮೊದಲ ದಿನ ಕಪ್ಪನ್ನೇ ಕೊಟ್ಟು ಮೋಸ ಮಾಡುತ್ತದೆ. ವರ್ಷ ತುಂಬುವುದರೊಳಗೆ ಬೂದಿ ಬಣ್ಣ ಮೇಲೆ ಬರುತ್ತದೆ. ಮುಂಚಿತವಾಗಿ ತಿಳಿಯಲು ಇರುವುದು ನಾಲಿಗೆಯೊಂದೇ: ಮೊದಲು ಉಪ್ಪು, ಆಮೇಲೆ ತಂಪು, ಕೊನೆಗೆ ಕಹಿ. ಮೂರೂ ಅದೇ ಸರದಿಯಲ್ಲಿ ಬರಬೇಕು. ಊರಿನಲ್ಲಿ ಮಾಣಿಕಪ್ಪನ ನಾಲಿಗೆ ಎಂದರೆ ಪ್ರಮಾಣ.

ಮೂರು ವರ್ಷದ ಹಿಂದೆ ಕೈಕಸುಬು ದಾಖಲೆ ಕೇಂದ್ರದವರು ಆ ನಾಲಿಗೆಯನ್ನು ಉಳಿಸಿಡಲು ಹೊರಟರು. ಭೌತಶಾಸ್ತ್ರ ಓದಿ ಅಲ್ಲೇ ಕೆಲಸಕ್ಕಿದ್ದ ಜಗದೇವಿಯೇ ಮುಂದೆ ನಿಂತಳು. ಕೆಲಸ ಮಾಡುವವನ ಸ್ನಾಯು, ಕಣ್ಣು, ಕತ್ತು, ಉಸಿರನ್ನು ಸೆಕೆಂಡಿಗೆ ಸಾವಿರ ಸಲ ಅಳೆದು, ಯಾವ ಸೂಚನೆಗೆ ಯಾವ ಕ್ರಿಯೆ ಎಂಬುದನ್ನು ಯಂತ್ರಕ್ಕೆ ಕಲಿಸುವುದು. ಅದಕ್ಕೆ ಅವರು ಇಟ್ಟ ಹೆಸರು ನಡೆಮಾದರಿ. ಮನಸ್ಸಿನ ನಕಲಲ್ಲ, ಅಭ್ಯಾಸದ ನಕಲು. ಇನ್ನೂರ ಹದಿನಾಲ್ಕು ಸಲ ಮಾಣಿಕಪ್ಪ ಮಣ್ಣು ನೆಕ್ಕಿದ. ಪ್ರತಿ ಸಲದ ಮಣ್ಣಿನ ಲವಣ, ಕ್ಷಾರದ ಅಳತೆಯನ್ನೂ ಯಂತ್ರಕ್ಕೆ ಕೊಟ್ಟರು. ಆ ಮಾದರಿಯನ್ನೇ, ಹೆಸರಿಲ್ಲದೆ, ಅವನ ಸಹಿ ಪಡೆದು, ಪಾತ್ರಗಳಿಗೆ ಸಹಜ ನಡೆ ಬೇಕೆಂದು ಕೇಳಿದ ಗೇಮ್ ಕಂಪನಿಗೂ ಕೊಟ್ಟಿದ್ದರು.

ಐದು ತಿಂಗಳ ಹಿಂದೆ ಮಾಣಿಕಪ್ಪ ತೀರಿಕೊಂಡ. ಅದೇ ಮಳೆಗಾಲದಲ್ಲಿ ಮಣ್ಣು ತೆಗೆಯುತ್ತಿದ್ದ ಕತ್ತಲೆ ಕೋಣೆಯೂ ಕುಸಿಯಿತು. ಹೊಸ ಜಾಗ ಹುಡುಕಬೇಕಾಯಿತು. ಪಾಳುಗೋಡೆಗಳ ಬುಡದಲ್ಲಿ ಹನ್ನೊಂದು ಜಾಗ ಸಿಕ್ಕವು. ಪುರಾತತ್ವ ಇಲಾಖೆಯವರು ಅಗೆಯಲು ಅನುಮತಿ ಕೊಟ್ಟದ್ದು ಮಾತ್ರ ಒಂದಕ್ಕೆ, ಒಂದೇ ಸಲಕ್ಕೆ. ಯಾವುದೆಂದು ಗುರುವಾರದೊಳಗೆ ಬರೆದುಕೊಡಬೇಕು.

ಇವತ್ತು ಬುಧವಾರ. ಬೆಳಿಗ್ಗೆ ಮನೆಯಲ್ಲಿ ಇದೇ ಮಾತಾಗಿತ್ತು.

“ನಿನ್ನ ಮಶೀನ್ ಏನ್ ಅಂತದ?” ಅಣ್ಣ ಬಂಡೆಪ್ಪ ಚಹಾದ ಬಸಿ ಕೆಳಗಿಟ್ಟು ಕೇಳಿದ್ದ.

“ಹನ್ನೊಂದಕ್ಕ ಹನ್ನೊಂದೂ ಬ್ಯಾಡ ಅಂತದ.”

“ಅಪ್ಪನ ಹಂಗೇ ಕಲಿತದ ಬಿಡು. ಅವಂಗೂ ಯಾರು ಮಾಡಿದ ಸಾರೂ ಸೇರತಿದ್ದಿಲ್ಲ.” ನಗಲು ಹೋಗಿ ಅವನು ನಗಲಿಲ್ಲ. ಕಪಾಟಿನಲ್ಲಿ ಅಪ್ಪ ಕಡೆಯದಾಗಿ ಬೆಳ್ಳಿ ಕೂಡಿಸಿಟ್ಟ ನಲವತ್ತು ಸಾಮಾನುಗಳಿದ್ದವು. ಕಪ್ಪು ಇನ್ನೂ ಏರಿಸಿರಲಿಲ್ಲ. “ನಾಳೆ ಚೀಟಿ ಎತ್ತತೀನಿ. ಬಂದದ್ದು ಬರಲಿ.”

ಅವ್ವ ಭಾಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ಒಂದು ಗಳಿಗೆ ನಿಂತಿತ್ತು. ಮತ್ತೆ ಶುರುವಾಗಿತ್ತು. ಜಗದೇವಿ ಅದನ್ನು ಕೇಳಿಸಿಕೊಂಡಿದ್ದಳು, ಲಕ್ಷ್ಯ ಕೊಟ್ಟಿರಲಿಲ್ಲ.

ಗೇಮ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಕುರ್ಚಿಗಿಂತ ಹೆಚ್ಚು ಜನ ಸೇರಿದ್ದರು. ಪಾತ್ರಗಳ ಮೇಲ್ವಿಚಾರಣೆ ನೋಡುವ ತಸ್ಲೀಮಾ ದುಪಟ್ಟಾವನ್ನು ಕತ್ತಿಗೆ ಸುತ್ತಿಕೊಂಡು ಜಾಗ ಮಾಡಿಕೊಟ್ಟಳು.

“ನೋಡ್ರಿ ಅಕ್ಕಾ. ಇವಾ ಒಬ್ಬ ಆಟಗಾರ, ‘ಕುಂಟ ಕುದುರೆ’ ಅಂತ ಹೆಸರು ಇಟ್ಕೊಂಡಾನ. ಐದನೇ ಕೋಟಿ ಬಾಗಲದಾಗ ಕಾದು ಕಾದು ಬ್ಯಾಸರಾಗಿ ಮುಸುಕಪ್ಪನ ಬಾಜೂಕ ಬಂದು ನಿಂತಾನ. ಎಡಕ್ಕ. ಈಗ ನೋಡ್ರಿ.”

ಪರದೆಯ ಮೇಲೆ ಮುಸುಕಪ್ಪ ಚಿಟಿಕೆ ಮಣ್ಣು ನಾಲಿಗೆಗಿಟ್ಟ. ಕತ್ತು ಎಡಕ್ಕೆ ಹೊರಳಿತು. ಪಕ್ಕದಲ್ಲಿದ್ದ ಆಟಗಾರ ಬೇಸರಕ್ಕೆ ಮರದ ಗುರಾಣಿಯನ್ನು ನೆಲಕ್ಕೆ ಕುಟ್ಟಿದ. ಟಪ್. ಟಪ್. ಮುಸುಕಪ್ಪನ ಗಂಟಲು ಆಡಿತು. ನುಂಗಿದ. ಬಲಗೈಯನ್ನು ನೆಲಕ್ಕೆ ಮುಟ್ಟಿಸಿ ಹಣೆಗೆ ಒತ್ತಿಕೊಂಡು ತಲೆಯಾಡಿಸಿದ. ಹಿಂದೆ ಕೋಟೆಯ ಬಾಗಿಲು ತೆರೆಯಿತು.

ಜಗದೇವಿ ಪರದೆಯ ಹತ್ತಿರಕ್ಕೆ ಬಾಗಿದಳು. ಆ ಹಣೆಗೊತ್ತಿಕೊಳ್ಳುವ ರೀತಿ ಅಪ್ಪನದೇ. ಒಳ್ಳೆಯ ಮಣ್ಣು ಸಿಕ್ಕಾಗ ಹಾಗೆ ಮಾಡುತ್ತಿದ್ದ.

“ಆ ಬಾಗಲಾ ತೆರೀತದ ಅಂತ ನಾವು ಅನ್ಕೊಂಡೇ ಇದ್ದಿಲ್ಲ” ಎಂದಳು ತಸ್ಲೀಮಾ. “ಮುಸುಕಪ್ಪ ಒಪ್ಪಿದರ ಕೋಟಿ ತೆರೀಬೇಕು ಅಂತ ಒಂದು ಸಾಲು ಅಷ್ಟೇ ಇತ್ತು. ಅವಾ ಒಪ್ಪತಾನ ಅಂತ ಯಾರಿಗೆ ಗೊತ್ತಿತ್ತು? ಈಗ ಎಲ್ಲಾರೂ ಅದೇ ಮಾಡ್ಲತ್ತಾರ. ಎಡಕ್ಕ ನಿಂತು ಎರಡು ಸಲ ಕುಟ್ಟಿದರ ಮಣ್ಣು ಯಾವುದೇ ಇರಲಿ, ನುಂಗತಾನ. ಒಂದು ಸಲ ಕುಟ್ಟಿದರ ಇಲ್ಲ. ಬಲಕ್ಕ ಕುಟ್ಟಿದರ ಇಲ್ಲ. ಇದನ್ನ ಓದ್ರಿ, ಎಡಗಡಿ ಸಂಘದವರು ಹಾಕ್ಯಾರ.”

ಎಡಗಡೆ ಸಂಘ ಎಂದರೆ ಮುಸುಕಪ್ಪನ ಕತ್ತಿನ ಹೊರಳನ್ನಷ್ಟೇ ಎರಡು ವರ್ಷದಿಂದ ಅಳೆಯುತ್ತಿದ್ದ ಹತ್ತಿಪ್ಪತ್ತು ಹುಚ್ಚರ ಗುಂಪು. ಜಗದೇವಿ ಎಷ್ಟೋ ಸಲ ಅವರನ್ನು ಹಾಸ್ಯ ಮಾಡಿದ್ದಳು. ಪರದೆಯ ಮೇಲೆ ಅವರು ಬರೆದದ್ದು ನಾಲ್ಕೇ ಸಾಲು:

‘ಮುಸುಕಪ್ಪ ಯಾರೆಂದು ನಾವೆಲ್ಲ ತಪ್ಪಾಗಿ ಕೇಳುತ್ತಿದ್ದೆವು. ಅವನಿಗೆ ಮಣ್ಣಿನ ವಿಷಯ ಏನೂ ಗೊತ್ತಿಲ್ಲ. ಗೊತ್ತಿದ್ದವರು ಅವನ ಎಡಕ್ಕೆ ಕೂತಿರುತ್ತಿದ್ದರು. ಅವರನ್ನು ಯಾರೋ ಅಳಿಸಿದ್ದಾರೆ.’

ಜಗದೇವಿ ಅದನ್ನು ಎರಡು ಸಲ ಓದಿದಳು. ಮೂರನೇ ಸಲ ಓದಲು ಕಣ್ಣು ನಿಲ್ಲಲಿಲ್ಲ.

“ಅಕ್ಕಾ, ನೀರು ಕುಡೀತೀರೇನು? ಮಾರಿ ಬಿಳಿಚ್ಕೊಂಡದ.”

“ತಸ್ಲೀಮಾ, ನನ್ನ ಆಫೀಸಿಗೆ ಬಿಟ್ಟು ಬಾ. ನನಗ ಈಗ ಗಾಡಿ ಹೊಡೀಲಾಕ ಆಗಲ್ಲ.”

ಯಾರು ಅಳಿಸಿದ್ದರೆಂದು ಅವಳಿಗೆ ಗೊತ್ತಿತ್ತು.

ದಾಖಲೆ ಕೇಂದ್ರದ ತಣ್ಣಗಿನ ಕೋಣೆಯಲ್ಲಿ ಕೂತು ಅವಳು ಮೂಲ ಕಡತಗಳನ್ನು ತೆರೆದಳು. ಶುದ್ಧ ಮಾಡುವ ಮೊದಲಿನವು. ಮೂರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಜೊತೆಗೆ ತನ್ನದೇ ದಪ್ಪ ನೋಟ್‌ಬುಕ್ಕು. ಯಾವ ದಿನ ಯಾವ ತಂತಿ ಸಡಿಲವಾಗಿತ್ತೆಂದು ಕೂಡ ಬರೆದಿಡುವ ಹೆಂಗಸು ಅವಳು.

ಮೊದಲು ರುಚಿಯ ಕಡತ. ನಾಲಿಗೆಯಿಂದ ಮಿದುಳಿಗೆ ಹೋಗುವ ರುಚಿಯ ನರ ಕಿವಿಯ ಒಳಗಿನಿಂದ ಹಾದುಹೋಗುತ್ತದೆ. ಅದರ ಸಂಕೇತ ಹಿಡಿಯಲು ಅಪ್ಪನ ಕಿವಿಯ ಹಿಂದೆ ಸಣ್ಣ ಬಿಲ್ಲೆಯೊಂದನ್ನು ಅಂಟಿಸಿದ್ದರು. ಐದನೇ ನಂಬರಿನ ಬಿಲ್ಲೆ. ಇನ್ನೂರ ಹದಿನಾಲ್ಕು ದಾಖಲೆಯಲ್ಲೂ ಅದರ ಗೆರೆ ಬಾವಿಯ ನೀರಿನ ಹಾಗೆ ಸಮತಟ್ಟು. ನೋಟ್‌ಬುಕ್ಕಿನಲ್ಲಿ ತನ್ನದೇ ಗುಂಡನೆಯ ಅಕ್ಷರ: ‘ಐದನೇ ಬಿಲ್ಲೆ ಕೆಟ್ಟಿದೆ. ಮೂರು ಸಲ ಬದಲಿಸಿದರೂ ಹಾಗೇ. ಲೆಕ್ಕದಿಂದ ಬಿಟ್ಟಿದೆ.’

ಮೂರು ಬಿಲ್ಲೆ. ಮೂರೂ ಕೆಟ್ಟಿರಲು ಸಾಧ್ಯವೇ ಎಂದು ಆ ದಿನ ಅವಳಿಗೆ ಅನ್ನಿಸಲೇ ಇಲ್ಲ. ಬಿಲ್ಲೆ ಕೆಡಬಹುದು, ಮಾಣಿಕಪ್ಪನ ನಾಲಿಗೆ ಕೆಡುವುದುಂಟೇ?

ಆಮೇಲೆ ವೀಡಿಯೊ. ಅವಳು ಕತ್ತರಿಸಿ ಇಟ್ಟುಕೊಂಡದ್ದು ಅಪ್ಪನನ್ನು ಮಾತ್ರ. ಮೂಲದ ಚೌಕಟ್ಟು ಅಗಲವಾಗಿತ್ತು. ಅಪ್ಪನ ಎಡಕ್ಕೆ, ಒಂದು ಮಾರು ದೂರದಲ್ಲಿ, ಅವ್ವ ಜರಡಿ ಹಿಡಿದು ಕೂತಿದ್ದಳು. ಮಣ್ಣು ಜಾಲಿಸುವುದು ಅವಳ ಕೆಲಸ. ದಾಖಲೆಯ ಎರಡನೇ ದಿನ ಜಗದೇವಿಯೇ ‘ಅವ್ವಾ, ನೀ ಆಚೆ ಹೋಗು, ನಿನ್ನ ಸಪ್ಪಳ ಬರ್ತದ’ ಎಂದಿದ್ದಳು. ಅವ್ವ ಎದ್ದು ಹೋಗಿದ್ದಳು. ಆ ದಿನ ಅಪ್ಪ ‘ಇವತ್ತ ನಾಲಿಗಿ ಚಲೋ ಇಲ್ಲ’ ಎಂದು ಕೆಲಸಕ್ಕೇ ಕೂರಲಿಲ್ಲ. ಮರುದಿನ ಅವ್ವನನ್ನು ಮತ್ತೆ ಕರೆದಿದ್ದರು. ಮುದುಕರ ಪ್ರೀತಿ ಎಂದು ಎಲ್ಲರೂ ನಕ್ಕಿದ್ದರು.

ಜಗದೇವಿ ವೇಗ ತಗ್ಗಿಸಿ ನೋಡಿದಳು. ಜರಡಿಗೆ ಮಣ್ಣು ಸುರಿಯುವಾಗ ಅವ್ವನ ಕೈ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತದೆ. ಪ್ರತಿ ಸಲವೂ. ಬೆರಳ ತುದಿಯಲ್ಲಿದ್ದ ಚಿಟಿಕೆ ಮಣ್ಣು ಸೆರಗಿನ ಮರೆಯಲ್ಲಿ ನಾಲಿಗೆಗೆ ಹೋಗುತ್ತದೆ. ಜರಡಿ ಸರಸರ ಆಡುತ್ತದೆ. ಅಪ್ಪ ತನ್ನ ಚಿಟಿಕೆಯನ್ನು ನಾಲಿಗೆಗಿಟ್ಟು ಎಡಕ್ಕೆ ನೋಡುತ್ತಾನೆ. ಜರಡಿ ಆಡುತ್ತಲೇ ಇದ್ದರೆ ಉಗುಳುತ್ತಾನೆ. ಅವ್ವ ಜರಡಿಯನ್ನು ನೆಲಕ್ಕೆ ಎರಡು ಸಲ ತಟ್ಟಿದರೆ, ನುಂಗುತ್ತಾನೆ.

ಮೂವತ್ತೊಂದು ಸಲ ಮಣ್ಣು ಒಪ್ಪಿಗೆಯಾಗಿತ್ತು. ಮೂವತ್ತೊಂದು ಸಲವೂ ಮೊದಲು ಜರಡಿ ತಟ್ಟಿತ್ತು. ಉಳಿದ ನೂರ ಎಂಬತ್ಮೂರರಲ್ಲಿ ಒಮ್ಮೆಯೂ ಇಲ್ಲ.

ಆ ಸದ್ದನ್ನು ತೆಗೆದುಹಾಕಲು ಜಗದೇವಿ ಎರಡು ವಾರ ಕೂತು ಸೋಸುವ ಕ್ರಮವಿಧಿ ಬರೆದಿದ್ದಳು. ಅದಕ್ಕೆ ಕೇಂದ್ರದಲ್ಲಿ ಹೊಗಳಿಕೆಯೂ ಸಿಕ್ಕಿತ್ತು. ಕಡತದ ಹೆಸರು: ‘ಹಿನ್ನೆಲೆ ಗದ್ದಲ.’ ಮೈಕಿನಿಂದ ತೆಗೆದಳು. ಅಪ್ಪ ಕೂತಿದ್ದ ಹಲಗೆಯ ಕೆಳಗಿನ ಕಂಪನದ ಸೆನ್ಸರನ್ನು ಮಾತ್ರ ಮರೆತಳು. ಎಡಗಡೆಯ ನೆಲದಿಂದ ಬಂದ ಎರಡು ಸಣ್ಣ ನಡುಕ ಅಲ್ಲೇ ಉಳಿದುಕೊಂಡವು. ಯಂತ್ರ ಮಹಾ ಸೋಮಾರಿ. ಸುಲಭದ ಸೂಚನೆ ಸಿಕ್ಕರೆ ಕಷ್ಟದ್ದರ ಗೋಜಿಗೆ ಹೋಗುವುದಿಲ್ಲ. ಮಣ್ಣಿನ ಲವಣ, ಕ್ಷಾರ ಒಂದನ್ನೂ ಅದು ಕಲಿಯಲಿಲ್ಲ. ಕಲಿತದ್ದು ಒಂದೇ: ಎಡಗಡೆಯ ಅಪ್ಪಣೆಗೆ ಕಾಯುವುದು. ಎರಡು ವರ್ಷದಿಂದ ಏಳು ಕೋಟೆಗಳ ಬಾಗಿಲಲ್ಲಿ ಅಪ್ಪ ಅವ್ವನಿಗಾಗಿ ಕಾಯುತ್ತಿದ್ದ.

ಜಗದೇವಿ ಕಡತ ಮುಚ್ಚಿದಳು. ಊರಿಗೆ ಊರೇ ನಂಬಿದ ನಾಲಿಗೆ. ಗೋಡೆಯ ಮೇಲಿನ ಪ್ರಶಸ್ತಿ. ಅದೆಲ್ಲಕ್ಕಿಂತ, ಅವ್ವನ ಮುಖವನ್ನು ಇನ್ನೂರ ಹದಿನಾಲ್ಕು ಸಲ ಕತ್ತರಿಸಿದ್ದ ತನ್ನ ಕೈ.

ಗುರುವಾರ ಬೆಳಿಗ್ಗೆ ಬಂಡೆಪ್ಪ ಹನ್ನೊಂದು ಚೀಟಿ ಮಡಿಸಿ ಹಿತ್ತಾಳೆಯ ಬಟ್ಟಲಿಗೆ ಹಾಕುತ್ತಿದ್ದ. ಜಗದೇವಿ ನಿದ್ದೆಯಿಲ್ಲದ ಕಣ್ಣಿನಲ್ಲಿ ಅಡಿಗೆಮನೆಗೆ ಹೋಗಿ ಅವ್ವನ ಪಕ್ಕ ಕೂತಳು.

“ಅವ್ವಾ, ಅಪ್ಪಗ ರುಚಿ ಯಾವಾಗ ಹೋಯ್ತು?”

ಭಾಗಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ಏನ್ ರುಚಿ?”

“ನಾ ಎಲ್ಲಾ ನೋಡೀನಿ. ಜರಡಿ ನೋಡೀನಿ. ನೀ ಸೆರಗಿಲೆ ಬಾಯಿ ಒರೆಸ್ಕೊಳ್ಳೋದು ನೋಡೀನಿ.”

ಹಿಟ್ಟಿನಲ್ಲಿ ಕೈ ನಿಂತಿತು. ಬಾಗಿಲಲ್ಲಿ ಬಟ್ಟಲು ಹಿಡಿದು ಬಂಡೆಪ್ಪ ಬಂದು ನಿಂತಿದ್ದ.

“ನೀ ಹುಟ್ಟಿದ ವರ್ಷ” ಎಂದಳು ಭಾಗಮ್ಮ, ಹಿಟ್ಟಿನ ಪರಾತದ ಕಡೆಯೇ ನೋಡುತ್ತ. “ಜ್ವರ ಬಂದು ಮಲಗಿದ್ರು. ಎದ್ದ ಮ್ಯಾಲ ಬೆಲ್ಲಾ ಕೊಟ್ಟೆ, ಇದೇನು ಕಲ್ಲು ಕೊಟ್ಟೀ ಅಂದ್ರು. ಎರಡೂ ಕಿವ್ಯಾಗ ಕೀವು ಆಗಿತ್ತು. ಅವತ್ತಿಂದ ಉಪ್ಪಿಲ್ಲ, ಖಾರಿಲ್ಲ.”

“ಸುಳ್ಳು!” ಬಂಡೆಪ್ಪ ಅಂದ. “ಏನ್ ಮಾತಾಡ್ಲತ್ತೀರಿ ಇಬ್ಬರೂ? ಅಪ್ಪನ ನಾಲಿಗಿ ನೋಡಿ ಹೈದರಾಬಾದಿಂದ ಮಂದಿ ಬರತಿದ್ರು.”

“ಅದಕ್ಕೇ ಹೇಳಲಿಲ್ಲಪ್ಪಾ. ನಾಲಿಗಿ ಹೋದ ಉಸ್ತಾದನ ಬಾಗಲಿಗೆ ಯಾರು ಬರತಾರ? ನನಗ ನನ್ನ ಅಪ್ಪ ಕಲಿಸಿದ್ದ. ಹೆಣ್ಣುಮಗಳಿಗೆ ಮಣ್ಣು ನೆಕ್ಕೋದು ಯಾಕ ಅಂತ ಎಲ್ಲಾರೂ ಬೈದಿದ್ರು ಅವಂಗ.” ಅವಳು ಕೈಗಂಟಿದ ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಬಿಡಿಸಿಕೊಂಡಳು. “ಮದಲ ಒಂದು ತಿಂಗಳಿಗೆ ಅಂತ ಮಾಡಿದ್ವಿ. ನಾಲಿಗಿ ತಿರುಗಿ ಬರ್ತದ ಅಂತ ಇತ್ತು. ಬರಲಿಲ್ಲ. ಅವರ ಕೈಯಾಗಿನ ಕೆಲಸ ಸುಳ್ಳಲ್ಲ ಬಂಡೂ. ಅಂಥಾ ಕೈ ಇನ್ನೊಂದಿಲ್ಲ.”

ಬಂಡೆಪ್ಪ ಗೋಡೆಗೆ ಒರಗಿದ. ಬಟ್ಟಲಿನ ಚೀಟಿಗಳು ನೆಲಕ್ಕೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

“ಐದು ತಿಂಗಳಿಂದ ನಾ ಹುಚ್ಚಿ ಹಂಗ ಮಣ್ಣು ಹಿಡ್ಕೊಂಡು ಓಡಾಡ್ಲತ್ತೀನಿ” ಎಂದಳು ಜಗದೇವಿ. “ಒಂದ್ ಮಾತು ಹೇಳಬಾರದೇನವ್ವಾ?”

“ಏನಂತ ಹೇಳಲಿ? ಗೋಡಿ ಮ್ಯಾಲ ಹಾರ ಹಾಕಿ ಕುಂದರಿಸೀರಿ ಅವರನ್ನ. ಸತ್ತವರ ನಾಲಿಗಿ ಕೊಯ್ಯಲೇನು ನಾ?” ಭಾಗಮ್ಮ ಮೊದಲ ಸಲ ಮಗಳ ಕಡೆ ತಿರುಗಿದಳು. “ಆ ಮಶೀನ್‌ದಾಗ ನೀ ನನ್ನ ಎಲ್ಲಿ ಇಟ್ಟೀದಿ?”



“ತೆಗೆದಿದ್ದೆ ಅವ್ವಾ” ಎಂದಳು ಜಗದೇವಿ. “ಗದ್ದಲ ಅಂತ ಬರೆದು ತೆಗೆದಿದ್ದೆ.”

ಭಾಗಮ್ಮ ಪರಾತದ ಕಡೆ ತಿರುಗಿ ಮತ್ತೆ ಹಿಟ್ಟು ನಾದತೊಡಗಿದಳು. ಬೈಯಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎಂದು ಜಗದೇವಿಗೆ ಅನ್ನಿಸಿತು.

ಬಂಡೆಪ್ಪ ಕೂತು ಚೀಟಿಗಳನ್ನು ಒಂದೊಂದಾಗಿ ಆರಿಸತೊಡಗಿದ. “ನನಗ ಏನೂ ತಿಳೀವಲ್ದು. ಹತ್ತೂವರಿ ಆಯ್ತು. ಹನ್ನೊಂದಕ್ಕ ಇಲಾಖಿ ಸಾಹೇಬ್ರು ಬರತಾರ. ನಾ ಚೀಟಿ ಎತ್ತತೀನಿ, ಬಂದ ಮಣ್ಣಿಲೇ ಅಪ್ಪನ ನಲವತ್ತು ಸಾಮಾನಿಗೂ ಕಪ್ಪು ಏರಸ್ತೀನಿ.”

“ಹುಚ್ಚು ಹಿಡದದೇನು?” ಭಾಗಮ್ಮ ತಟ್ಟನೆ ಎದ್ದಳು. “ಅವರ ಕೈಕೆಲಸ ವರ್ಷ ತುಂಬೂದ್ರಾಗ ಬೂದಿ ಆಗಬೇಕೇನು?”

ಅವಳು ಕೈ ತೊಳೆದುಕೊಂಡಳು. ಮೂಲೆಯ ಮೊಳೆಗೆ ನೇತುಹಾಕಿದ್ದ ಜರಡಿಯನ್ನು ಇಳಿಸಿ, ಧೂಳು ಕೊಡವಿ, ಕೆಲಸದ ಕೋಣೆಗೆ ನಡೆದಳು. ಜಗದೇವಿ ಹನ್ನೊಂದು ಪೊಟ್ಟಣಗಳನ್ನೂ ತಂದು ಸಾಲಾಗಿ ಇಟ್ಟಳು.

“ಅಪ್ಪನ ಜಾಗದಾಗ ಕುಂದರವ್ವಾ.”

“ಅದು ಅವರ ಜಾಗ.” ಭಾಗಮ್ಮ ಮಾಣಿಕಪ್ಪನ ಹಲಗೆಯನ್ನು ಖಾಲಿ ಬಿಟ್ಟು, ಅದರ ಎಡಕ್ಕೆ ಒಂದು ಮಾರು ದೂರದಲ್ಲಿ, ಮೂವತ್ತು ವರ್ಷದಿಂದ ಕೂತಲ್ಲೇ ಕೂತಳು.

ಮೊದಲ ಪೊಟ್ಟಣ. ಕೈ ಅಭ್ಯಾಸದಂತೆ ಸೆರಗಿನ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಅವಳು ಸೆರಗನ್ನು ಕೆಳಗೆ ಬಿಟ್ಟು, ಮಕ್ಕಳಿಬ್ಬರ ಎದುರಿಗೇ ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಜರಡಿ ಸರಸರ ಆಡಿತು. ಉಗುಳಿದಳು. ಎರಡು. ಮೂರು. ನಾಲ್ಕನೆಯದಕ್ಕೆ ತುಸು ಹೆಚ್ಚು ಹೊತ್ತು ಹಿಡಿಯಿತು, ಅದೂ ಬೇಡವಾಯಿತು. ಬಂಡೆಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತಿದ್ದ. ಅವನ ಮುಖದಲ್ಲಿ ಇನ್ನೂ ಸಿಟ್ಟಿತ್ತು. ಇದನ್ನು ನಂಬಲು ತಾನು ತಯಾರಿಲ್ಲ ಎಂಬಂತೆ ಸೂರು ನೋಡುತ್ತಿದ್ದ. ಐದು, ಆರು, ಏಳು, ಎಂಟು. ಜರಡಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

ಒಂಬತ್ತನೇ ಮಣ್ಣು. ಭಾಗಮ್ಮನ ರೆಪ್ಪೆ ಅದುರಿತು. ಜರಡಿ ನಿಧಾನವಾಯಿತು, ನಿಂತಿತು.

ಟಪ್. ಟಪ್.

ಆ ಕ್ಷಣಕ್ಕೇ ಬಂಡೆಪ್ಪ ಕೈ ಬಿಚ್ಚಿ, ಮೂಲೆಯ ಇದ್ದಿಲ ಬುಟ್ಟಿಯನ್ನು ಎತ್ತಿಕೊಂಡು, ಕಪ್ಪು ಏರಿಸುವ ಒಲೆಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದ್ದ. ಐದನೇ ಹೆಜ್ಜೆಗೆ ಅವನಿಗೆ ಅರಿವಾಯಿತು. ಬುಟ್ಟಿ ಹಿಡಿದಂತೆಯೇ ನಿಂತುಬಿಟ್ಟ.

ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಎಂಟು ವರ್ಷದ ಹುಡುಗನಿದ್ದಾಗಿನಿಂದ ಒಲೆ ಹಚ್ಚುವುದು ಅವನ ಕೆಲಸ. ಅಪ್ಪ ‘ಹ್ಞೂಂ’ ಎಂದ ಮೇಲೆ ತಾನು ಏಳುತ್ತಿದ್ದೆ ಎಂದೇ ಇಷ್ಟು ವರ್ಷ ತಿಳಿದಿದ್ದ.

ಅವನು ತನ್ನ ಕಾಲುಗಳನ್ನೇ ನೋಡಿಕೊಂಡ. ಆಮೇಲೆ ಖಾಲಿ ಹಲಗೆಯನ್ನು, ಅದರ ಎಡಕ್ಕೆ ಕೂತ ಅವ್ವನನ್ನು.

“ಅವ್ವಾ...” ಎಂದ.

ಭಾಗಮ್ಮ ಬಾಯೊಳಗಿನ ಮಣ್ಣನ್ನು ನುಂಗಿ, ಬಲಗೈಯನ್ನು ನೆಲಕ್ಕೆ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು.

“ನಿಂತೀ ಯಾಕ?” ಎಂದಳು. “ಒಲಿ ಹಚ್ಚು.”